ಊಟದ ಪಂಕ್ತಿಯಲ್ಲಿ ಎದುರು ಸಿಕ್ಕರೆ

ಹೋದ ಮೇ ತಿಂಗಳಲ್ಲಿ ಕಾರ್ಕಳದ ಒಂದು ಹಾಲಿನಲ್ಲಿ ನಮ್ಮ ಕುಟುಂಬದ ಮದುವೆ. ಧಾರೆ ಮುಗಿದು ಜನ ಊಟಕ್ಕೆ ಎದ್ದ ಹೊತ್ತಿಗೆ ತಂಗಿಯ ಮೊಮ್ಮಗ ಕಾಣಿಸಲಿಲ್ಲ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ಬೆಳಿಗ್ಗೆ ನನ್ನನ್ನು ಮನೆಯಿಂದ ಕರೆತಂದವನೇ ಅವನು. ಹುಡುಕಿಕೊಂಡು ಹೊರಗೆ ಹೋದರೆ ಹಲಸಿನ ಮರದ ಕೆಳಗೆ ಕಾರು ನಿಲ್ಲಿಸಿ, ಗಾಜು ಏರಿಸಿ, ಎಸಿ ಹಾಕಿಕೊಂಡು ಕೂತಿದ್ದಾನೆ.

"ಎಂತ ಮಾರಾಯ, ಊಟಕ್ಕೆ ಬರುವುದಿಲ್ವಾ?"

"ಹಸಿವಿಲ್ಲ ಅಜ್ಜ."

22 ವರ್ಷದ ಹುಡುಗನಿಗೆ ಮದುವೆ ಮನೆಯಲ್ಲಿ ಮಧ್ಯಾಹ್ನ ಒಂದೂವರೆಗೆ ಹಸಿವಿಲ್ಲ ಎಂದರೆ ಜ್ವರ ಇರಬೇಕು, ಇಲ್ಲ ಇನ್ನೆಂತದೋ ಇರಬೇಕು. ಸ್ವಲ್ಪ ಹೊತ್ತು ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತೆ. ಆಮೇಲೆ ಬಾಯಿ ಬಿಟ್ಟ. ಮದುಮಗಳ ಗೆಳತಿಯರ ಗುಂಪಿನಲ್ಲಿ ಅವಳಿದ್ದಾಳೆ. ಆರು ತಿಂಗಳ ಹಿಂದೆ ಬ್ರೇಕಪ್ ಆದದ್ದಂತೆ. ಯಾರು ಯಾರನ್ನು ಬಿಟ್ಟದ್ದು ಅಂತ ನಾನು ಕೇಳಲಿಲ್ಲ. ಒಳಗೆ ಹೋಗಿ ಎರಡು ಹೋಳಿಗೆ, ಒಂದು ಕಪ್ ಐಸ್‌ಕ್ರೀಮ್ ತಂದುಕೊಟ್ಟೆ. ಹೋಳಿಗೆ ತಿಂದ. ಐಸ್‌ಕ್ರೀಮ್ ಕರಗಿ ಕಾರಿನ ಮ್ಯಾಟಿನ ಮೇಲೆ ಚೆಲ್ಲಿತು.

ವಾಪಸು ಬರುವ ದಾರಿಯಲ್ಲಿ ನನಗೆ ಹೇಳಬೇಕೆನಿಸಿದ್ದನ್ನು ಹೇಳಲಿಲ್ಲ. ಗೇರು ಹಾಕುವವನಿಗೆ ಬುದ್ಧಿ ಹೇಳಬಾರದು. ಅದಕ್ಕೇ ಈಗ ಬರೆಯುತ್ತಿದ್ದೇನೆ, ಅವನಿಗೂ ಅವನ ವಯಸ್ಸಿನ ಉಳಿದವರಿಗೂ.

ಬೆಂಗಳೂರಿನಲ್ಲಿ ಬಿಟ್ಟವರು ಬಿಟ್ಟ ಹಾಗೆಯೇ. ಜಯನಗರದವನು ಯಲಹಂಕದವಳನ್ನು ವರ್ಷಗಟ್ಟಲೆ ನೋಡದೆ ಬದುಕಬಹುದು. ನಮ್ಮ ಊರುಗಳು ಹಾಗಲ್ಲ. ಉಡುಪಿಯಿಂದ ಮಣಿಪಾಲ ಐದಾರು ಕಿಲೋಮೀಟರು, ಕಾಪು ಹದಿಮೂರು ಹದಿನಾಲ್ಕು, ಕಾರ್ಕಳ ಹೆಚ್ಚೆಂದರೆ ನಲವತ್ತರ ಒಳಗೆ. ಕೃಷ್ಣಮಠದ ಪರ್ಯಾಯದ ರಾತ್ರಿ ಎಲ್ಲರೂ ರಥಬೀದಿಯಲ್ಲಿ. ಜನವರಿಯಲ್ಲಿ ಅತ್ತೂರು ಚರ್ಚಿನ ಸಾಂತ್‌ಮಾರಿಗೆ ಯಾವ ಜಾತಿಯವನೂ ತಪ್ಪಿಸುವುದಿಲ್ಲ. ಕಾಪು ದೀಪಸ್ತಂಭದ ಬಂಡೆ ಹತ್ತಿದರೆ ಅಲ್ಲಿ ನಿಮ್ಮ ಕ್ಲಾಸಿನವರೇ ನಾಲ್ಕು ಜನ. ಸರ್ವಿಸ್ ಬಸ್ಸಿನಲ್ಲಿ, ನೇಮದ ಚಪ್ಪರದಲ್ಲಿ, ಯಕ್ಷಗಾನದ ಚೌಕಿಯ ಹಿಂದೆ, ಮಣಿಪಾಲದ ಟೈಗರ್ ಸರ್ಕಲ್ಲಿನ ಜ್ಯೂಸ್ ಅಂಗಡಿಯಲ್ಲಿ, ಎಲ್ಲಿಯಾದರೂ ಅವರು ಎದುರು ಬಂದೇ ಬರುತ್ತಾರೆ. "ಮುಖ ನೋಡಬೇಡ, ಮರೆತುಬಿಡು" ಎಂಬ ಉಪದೇಶ ದೊಡ್ಡ ಪಟ್ಟಣದವರಿಗೆ. ನಮಗೆ ಬೇಕಾದದ್ದು ಎದುರು ಸಿಕ್ಕಾಗ ಹೇಗಿರಬೇಕು ಎಂಬ ವಿದ್ಯೆ.

ಆ ವಿದ್ಯೆಯಲ್ಲಿ ನಾನು ಮೊದಲ ಸಲ ಫೇಲಾದವನು. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ.

1979. ಎಂಜಿಎಂ ಕಾಲೇಜಿನಲ್ಲಿ ಬಿಕಾಂ ಮುಗಿಸಿ ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೆ. ಅವಳು ಕಾಪುವಿನವಳು, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಹಿಂದೆ. ಎರಡು ವರ್ಷ ಕಾಗದ ಬರೆದುಕೊಂಡೆವು. ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಲ್ಲೇ ಅವಳು "ಇನ್ನು ಬೇಡ" ಅಂದಳು. ಕಾರಣ ಕೇಳಿದೆ. "ಕಾರಣ ಎಂತ ಇಲ್ಲ, ಬೇಡ ಅನಿಸಿತು" ಅಂದಳು. ಬಸ್ಸು ಬಂತು, ಹೋದಳು. ಬಹಳ ವರ್ಷ ನಾನು ಗೆಳೆಯರಿಗೆ "ಅವಳ ಮನೆಯವರು ಒಪ್ಪಲಿಲ್ಲ, ಜಾತಿ ಅಡ್ಡ ಬಂತು" ಎಂದೇ ಹೇಳಿಕೊಂಡು ಬಂದೆ. ಮನೆಯವರಿಗೆ ಆಗ ವಿಷಯವೇ ಗೊತ್ತಿರಲಿಲ್ಲ. ಬೇಡವಾದದ್ದು ಅವಳಿಗೆ. ಜಾತಿ ಅಡ್ಡ ಬಂತೆಂದರೆ ಕೇಳಿದವರು ಚಾ ಕುಡಿಸಿ ಸಮಾಧಾನ ಮಾಡುತ್ತಾರೆ. ಹುಡುಗಿಗೆ ನಾನು ಬೇಡವಾದೆ ಎಂದರೆ ನಗುತ್ತಾರೆ. ಅಷ್ಟೇ ಕಾರಣ.

ಸಂಘಕ್ಕೆ ಶನಿವಾರ ಅರ್ಧ ದಿನ. ಮಧ್ಯಾಹ್ನ ಬಸ್ಸು ಹತ್ತಿ ಕಾಪುವಿನಲ್ಲಿ ಇಳಿದು, ಪೇಟೆಯ ಹೋಟೆಲೊಂದರ ಬೆಂಚಿನಲ್ಲಿ ಸಂಜೆಯ ತನಕ ಕೂರುತ್ತಿದ್ದೆ. ಅವಳ ಮನೆಯ ದಾರಿ ಅಲ್ಲಿಂದ ಕಾಣುತ್ತಿತ್ತು. ನಾನು ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ, ಹಿಂದೆ ಹೋಗುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದೆ. ಆಗಿನ ಸಿನಿಮಾಗಳಲ್ಲಿ ನಾಯಕ ಹೀಗೇ ಕಾಯುತ್ತಿದ್ದ, ಮೂರನೆಯ ಹಾಡಿಗೆ ನಾಯಕಿ ಕರಗುತ್ತಿದ್ದಳು. ಈಗಿನವುಗಳಲ್ಲೂ ಹಾಗೇ ಇರಬೇಕು. ನಾನು ನೋಡುವುದು ಬಿಟ್ಟು ಕಾಲವಾಯಿತು.

ಹನ್ನೊಂದನೆಯ ಶನಿವಾರ ಅವಳ ಅಣ್ಣ ಬಂದ. ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಅವನ ಒಂದು ತೋಳು ನನ್ನ ಎರಡು ತೊಡೆಯಷ್ಟಿತ್ತು. ಇವತ್ತು ಪೆಟ್ಟು ಗ್ಯಾರಂಟಿ ಅಂದುಕೊಂಡೆ. ಅವನು ಎದುರಿಗೆ ಕೂತು ಎರಡು ಚಾ, ಒಂದು ಪ್ಲೇಟ್ ಗೋಳಿಬಜೆ ಹೇಳಿದ. ತುಳುವಿನಲ್ಲಿ ಮೆಲ್ಲಗೆ ಕೇಳಿದ ಮಾತು ಕನ್ನಡದಲ್ಲಿ ಹೀಗೆ: "ನೀನು ಅವಳನ್ನು ನೋಡಲಿಕ್ಕೆ ಶನಿವಾರ ಬರುವುದು ಅಲ್ವಾ? ಅವಳು ಎರಡು ತಿಂಗಳಿಂದ ಶನಿವಾರ ಮನೆಯಿಂದ ಹೊರಗೆ ಇಳಿಯುವುದೇ ಇಲ್ಲ. ಹೊಲಿಗೆ ಕ್ಲಾಸು ಬಿಟ್ಟಳು. ಹಾಗಾದರೆ ನೀನು ಬರುವುದು ಯಾರನ್ನು ನೋಡಲಿಕ್ಕೆ?"

ಗೋಳಿಬಜೆ ಬಿಸಿ ಇತ್ತು. ಅದನ್ನು ಬಾಯಿಗಿಟ್ಟು ನುಂಗಲೂ ಆಗದೆ ಉಗಿಯಲೂ ಆಗದೆ ಕೂತದ್ದು ಇವತ್ತಿಗೂ ನೆನಪುಂಟು. ನನ್ನ ಲೆಕ್ಕದಲ್ಲಿ ನಾನು ಬೆಂಚಿನ ಮೇಲೆ ಕೂತ ಒಬ್ಬ ಪಾಪದವ. ಅವಳ ಲೆಕ್ಕದಲ್ಲಿ ನಾನು ವಾರದ ಒಂದು ದಿನವನ್ನೇ ಕಿತ್ತುಕೊಂಡವ. ಬಿಟ್ಟುಹೋದವರಿಗೆ ನಾವು ಕೊಡಬೇಕಾದದ್ದು ಕ್ಷಮೆಯೂ ಅಲ್ಲ, ಗೆಳೆತನವೂ ಅಲ್ಲ. ಅವರ ದಾರಿ, ಅವರ ಅಂಗಡಿ, ಅವರ ಶನಿವಾರ. ಅದನ್ನು ಅವರಿಗೆ ಬಿಟ್ಟುಕೊಟ್ಟರೆ ಉಳಿದದ್ದು ತಾನಾಗಿ ಆಗುತ್ತದೆ. ನಮ್ಮ ಹುಡುಗ ಮಾಡಿದ್ದು ಇದರ ತಲೆಕೆಳಗು. ಅವನು ತನ್ನ ಊಟವನ್ನೇ ಬಿಟ್ಟುಕೊಟ್ಟು ಕಾರಿನಲ್ಲಿ ಕೂತ. ಅದೂ ಬೇಡ.

ಕಾಗದದ ಕಥೆ ಇನ್ನೊಂದು. 34 ಕಾಗದಗಳಿದ್ದವು ನನ್ನ ಹತ್ತಿರ. ಅವಳ ಗೆಳತಿಯ ಮೂಲಕ "ಹಿಂದೆ ಕೊಡು" ಎಂದು ಕೇಳಿಸಿದ್ದಳು. ನಾನು ಕೊಟ್ಟಿರಲಿಲ್ಲ. ಕೊಡದೆ ಇರುವುದರಲ್ಲಿ ಒಂದು ಕುಶಿ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳ ಒಂದು ಎಳೆ ನನ್ನ ಕೈಯಲ್ಲಿ ಉಂಟು ಎಂಬ ಕುಶಿ. ಅಣ್ಣ ಬಂದುಹೋದ ಮರುವಾರ ಕಟ್ಟು ಕಟ್ಟಿ ಗೆಳತಿಗೆ ತಲುಪಿಸಿದೆ. ಮನೆಗೆ ಬಂದು ನೋಡಿದರೆ ಪುಸ್ತಕವೊಂದರ ನಡುವೆ ಒಂದು ಉಳಿದಿತ್ತು. ಬಚ್ಚಲ ಒಲೆಗೆ ಹಾಕಿದೆ. ಹಂಡೆಯ ನೀರೇನೂ ಅದರಿಂದ ಬಿಸಿಯಾಗಲಿಲ್ಲ.

ನಿಮ್ಮ ಕಾಲಕ್ಕೆ ಬಚ್ಚಲ ಒಲೆ ಇಲ್ಲ. ಕಾಗದ ಒಂದೇ ಪ್ರತಿ ಇರುತ್ತಿತ್ತು. ಫೋಟೋ ಫೋನಿನಲ್ಲಿ, ಗೂಗಲ್ ಫೋಟೋಸ್‌ನಲ್ಲಿ, ವಾಟ್ಸ್‌ಆ್ಯಪ್ ಬ್ಯಾಕಪ್ಪಿನಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಡೆ ಕೂತಿರುತ್ತದೆ. ಹಾಗಾಗಿ ಒಂದು ಸಂಜೆ ಪುರುಸೊತ್ತು ಮಾಡಿಕೊಂಡು ಕೂತು ಅಳಿಸಿ. ಅಳುತ್ತಲೇ ಅಳಿಸಿದರೂ ಅಡ್ಡಿಯಿಲ್ಲ. ಇಬ್ಬರೂ ನಗುತ್ತಿರುವ ಒಂದೆರಡು ಚಿತ್ರ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ನಾನು ಸನ್ಯಾಸಿಯಲ್ಲ. ಬೇರೆಯವರು ನೋಡಿದರೆ ಅವರ ಮಾನ ಹೋಗುವಂಥದ್ದು ಮಾತ್ರ ಒಂದೂ ಉಳಿಯಬಾರದು. ಪಾಸ್‌ವರ್ಡ್ ಬದಲಿಸಿ, ಲೊಕೇಶನ್ ಹಂಚಿಕೊಂಡದ್ದನ್ನು ನಿಲ್ಲಿಸಿ. ಮೊನ್ನೆ ಮಣಿಪಾಲದ ಪೀಜಿಯಲ್ಲಿರುವ ಪರಿಚಯದ ಹುಡುಗಿಯೊಬ್ಬಳು ಹೇಳಿದಳು: ಬಿಟ್ಟ ಹುಡುಗನನ್ನು ಎಲ್ಲ ಕಡೆ ಬ್ಲಾಕ್ ಮಾಡಿದ ಮೇಲೆ ಗೂಗಲ್ ಪೇಯಲ್ಲಿ ದಿನಾ ರಾತ್ರಿ ಒಂದೊಂದು ರೂಪಾಯಿ ಹಾಕಿ, ಅದರ ಜೊತೆ "ಒಮ್ಮೆ ಮಾತಾಡು" ಅಂತ ಬರೆಯುತ್ತಿದ್ದನಂತೆ. 40 ದಿನಕ್ಕೆ 40 ರೂಪಾಯಿ. ಕೇಳಿ ನಗು ಬಂತು, ಮರುಕ್ಷಣ ನನ್ನ ಕಾಪುವಿನ ಬೆಂಚು ನೆನಪಾಯಿತು. ಆ ಆ್ಯಪಿನಲ್ಲೂ ಬ್ಲಾಕ್ ಮಾಡಲಿಕ್ಕೆ ಬರುತ್ತದೆ ಮಗಾ ಎಂದೆ. ಬ್ಲಾಕ್ ಮಾಡುವುದು ಅಹಂಕಾರವಲ್ಲ. ರಾತ್ರಿ ಮನೆಯ ಬಾಗಿಲಿಗೆ ಚಿಲಕ ಹಾಕುವುದಿಲ್ಲವಾ, ಹಾಗೆ.

ನನ್ನ ಹನ್ನೊಂದು ಶನಿವಾರಗಳಿಗೆ ಆಗ ಕಾನೂನಿನಲ್ಲಿ ಹೆಸರಿರಲಿಲ್ಲ. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2013ರ ತಿದ್ದುಪಡಿಯಲ್ಲಿ ಸ್ಟಾಕಿಂಗ್ ಎಂಬ ಹೆಸರು ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಮು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ನೋಡುವುದು, ಅವಳು ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆಂದು ಕಣ್ಣಿಡುವುದು, ಎಲ್ಲ ಅದರಲ್ಲಿ ಬರುತ್ತದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ ಐದು. ಒಂದು ರೂಪಾಯಿಯ ಸಂದೇಶವೂ ಸಂಪರ್ಕವೇ. ಕಲಮು ಗಂಡಸಿನ ವಿಷಯ ಮಾತ್ರ ಹೇಳುತ್ತದೆ ಎಂದು ಹುಡುಗಿಯರು ನಿರಾಳ ಆಗಬೇಡಿ. ಹುಡುಗನ ಹಾಸ್ಟೆಲ್ ಗೇಟಿನಲ್ಲಿ ಅಳುತ್ತ ನಿಲ್ಲುವುದು, ಅವನ ಹೊಸ ಗೆಳತಿಗೆ ಹಳೆಯ ಚಾಟು ಕಳಿಸುವುದು, ಇದೂ ಅದೇ ಬೆಂಚು.

ಫೋಟೋದ ವಿಷಯದಲ್ಲಿ 77ನೇ ಕಲಮು ಇನ್ನೂ ಸ್ಪಷ್ಟ. ಖಾಸಗಿ ಚಿತ್ರ ತೆಗೆಯಲು ಅವಳು ಒಪ್ಪಿದ್ದರೂ, ಅದನ್ನು ಇನ್ನೊಬ್ಬರಿಗೆ ತೋರಿಸಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧ. "ಅವಳೇ ಕಳಿಸಿದ್ದು" ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಬಿಟ್ಟುಹೋದ ಗೆಳತಿಯ ವಿಡಿಯೋ ಹರಿಬಿಟ್ಟ ಹುಡುಗನೊಬ್ಬನಿಗೆ 2018ರಲ್ಲೇ ಪಶ್ಚಿಮ ಬಂಗಾಳದ ತಮ್ಲುಕ್ ನ್ಯಾಯಾಲಯ ಐದು ವರ್ಷ ಶಿಕ್ಷೆ ಕೊಟ್ಟಿದೆ. ಯಾರಾದರೂ ಚಿತ್ರ ಹರಿಬಿಡುತ್ತೇನೆಂದು ಬೆದರಿಸಿದರೆ ಹಣ ಕೊಡಬೇಡಿ, ಕಾಲು ಹಿಡಿಯಬೇಡಿ, ಸಂದೇಶ ಅಳಿಸಲೂ ಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು 1930ಕ್ಕೆ ಫೋನ್ ಮಾಡಿ. ಉಡುಪಿಯಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಉಂಟು, ಮಹಿಳಾ ಠಾಣೆ ಉಂಟು. 2021ರಲ್ಲಿ ಶುರುವಾದ ಸ್ಟಾಪ್ ಎನ್‌ಸಿಐಐ ಎಂಬ ಜಾಲತಾಣವೂ ಇದೆ. ಅಲ್ಲಿ ಚಿತ್ರವನ್ನು ಕಳಿಸಬೇಕಾಗಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ನಿಮ್ಮ ಫೋನಿನಲ್ಲೇ ತಯಾರಾಗಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವು ಆ ಚಿತ್ರವನ್ನು ತಡೆಯುತ್ತವೆ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ. ಅಪ್ಪನಿಗೆ ಹೇಳಲು ಹೆದರಿಕೆಯಾದರೆ ಸೋದರಮಾವನಿಗೆ, ಚಿಕ್ಕಮ್ಮನಿಗೆ. ಬೈಯುತ್ತಾರೆ. ಬೈದ ಮೇಲೆ ಜೊತೆಗೆ ಬರುತ್ತಾರೆ.

ಈ ಬೆದರಿಕೆಗೆ ಇನ್ನೊಂದು ರೂಪವೂ ಉಂಟು: "ಕೊನೆಯ ಸಲ ಸಿಗು, ಒಮ್ಮೆ ಮಾತ್ರ." ಮಣಿಪಾಲದ ಎಂಡ್ ಪಾಯಿಂಟಿಗೆ ಬಾ, ಬೀಚಿಗೆ ಬಾ, ಕಾರ್ಕಳದ ಆನೆಕೆರೆ ಹತ್ತಿರ ಬಾ. ಹೋಗಬೇಡಿ. ಕೊಡುವ ವಸ್ತು ಇದ್ದರೆ ಗೆಳೆಯರ ಕೈಯಲ್ಲಿ ಕಳಿಸಿ, ಮಾತು ಇದ್ದರೆ ಫೋನಿನಲ್ಲಿ ಮುಗಿಸಿ, ಸಿಗಲೇಬೇಕೆಂದಿದ್ದರೆ ಹಗಲಿನಲ್ಲಿ, ಜನ ತುಂಬಿದ ಹೋಟೆಲಿನಲ್ಲಿ, ಪಕ್ಕದ ಮೇಜಿನಲ್ಲಿ ನಿಮ್ಮವರೊಬ್ಬರು ಕೂತಿರಲಿ. ಅಜ್ಜ ಹೆದರಿಸುತ್ತಾರೆ ಅಂದುಕೊಳ್ಳಬೇಡಿ. 2021ರ ಆಗಸ್ಟಿನಲ್ಲಿ ಸಂತೆಕಟ್ಟೆಯಲ್ಲಿ, 2025ರ ಸೆಪ್ಟೆಂಬರಿನಲ್ಲಿ ಬ್ರಹ್ಮಾವರದ ಹತ್ತಿರ ಕೊಕ್ಕರ್ಣೆಯಲ್ಲಿ ಇಬ್ಬರು ಹುಡುಗಿಯರು ಚೂರಿಗೆ ಬಲಿಯಾದರು. ಎರಡು ಕಡೆಯೂ ಚೂರಿ ಹಿಡಿದವನು ಪರಿಚಯದವನೇ ಎಂದು ಪೊಲೀಸರು ಹೇಳಿದರು. ಹೆಸರು ಬೇಡ, ಆ ಮನೆಗಳಲ್ಲಿ ತಂದೆತಾಯಿ ಇದ್ದಾರೆ.

"ನೀನು ಬಿಟ್ಟರೆ ಸಾಯುತ್ತೇನೆ" ಎನ್ನುವವರ ವಿಷಯ. ಅದನ್ನು ನಾಟಕವೆಂದು ತಳ್ಳಿಹಾಕಬೇಡಿ, ಆ ಮಾತಿಗೆ ಹೆದರಿ ಹಿಂದಿರುಗಲೂ ಬೇಡಿ. ಅವರ ಮನೆಯವರಿಗೆ, ರೂಮ್‌ಮೇಟಿಗೆ, ವಾರ್ಡನ್ನಿಗೆ ಆ ಕ್ಷಣವೇ ತಿಳಿಸಿ, ತುರ್ತಿದ್ದರೆ 112. ಅವರನ್ನು ಉಳಿಸುವ ಕೆಲಸ ಅವರ ಹತ್ತಿರ ಇರುವವರದ್ದು, ವೈದ್ಯರದ್ದು. ಅದು ನಿಮ್ಮ ಒಬ್ಬರ ಹೆಗಲಿಗೆ ಬಂದ ಹೊರೆಯಲ್ಲ. ಹಾಗೆ ಅನಿಸುತ್ತಿರುವುದು ನಿಮಗೇ ಆದರೆ, ಮಗಾ, 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಹೆಸರು, 2022ರಿಂದ ಸರಕಾರ ನಡೆಸುವುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಮಣಿಪಾಲದ ಕೆಎಂಸಿ ಎರಡೂ ನಿನ್ನ ಬಸ್ಸಿನ ದಾರಿಯಲ್ಲೇ ಇವೆ. ಕಾಲು ಮುರಿದರೆ ಕಟ್ಟು ಹಾಕಿಸಿಕೊಳ್ಳಲು ನಾಚುತ್ತೀಯಾ?

ಈಗ ನಮ್ಮ ಕರಾವಳಿಗೇ ಅಂಟಿದ ಒಂದು ರೋಗದ ಮಾತು. ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರಾಗಿದ್ದರೆ, ಜೊತೆಗಿದ್ದಾಗ ಎಷ್ಟು ಕಣ್ಣುಗಳೋ ಬಿಟ್ಟ ಮೇಲೂ ಅಷ್ಟೇ ಕಣ್ಣುಗಳು. ನಿಮ್ಮ ಸಿಟ್ಟಿನ ವಾಸನೆ ಹಿಡಿದು "ಹೇಳು, ಎಂತ ಮಾಡಬೇಕು ಅವನಿಗೆ?" ಎಂದು ಬೈಕು ಹತ್ತಿ ಬರುವವರು ಇರುತ್ತಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರ ಕೂದಲು ಹಿಡಿದೆಳೆದವರನ್ನು ದೇಶವೇ ಟೀವಿಯಲ್ಲಿ ನೋಡಿತು. ಅಂಥವರ ಕೈಗೆ ನಿಮ್ಮ ಬ್ರೇಕಪ್ ಕೊಟ್ಟರೆ ಅದು ಮತ್ತೆ ನಿಮ್ಮದಾಗಿ ಉಳಿಯುವುದಿಲ್ಲ. ಸಂಜೆಯೊಳಗೆ ಅದು ಎರಡು ಊರಿನ ಜಗಳ. ಹೆಸರು, ಮನೆ, ಫೋನ್ ನಂಬರು ಹೊರಗೆ ಬರುತ್ತದೆ. ಒಂದು ಕಾಲಕ್ಕೆ ಪ್ರೀತಿಸಿದವರನ್ನು ಗುಂಪಿಗೆ ಹಿಡಿದುಕೊಡುವಷ್ಟು ಸಣ್ಣವರಾಗಬೇಡಿ. ಈ ಒಂದು ವಿಷಯದಲ್ಲಿ ನಾನು ಕೋರಿಕೆ ಮಾಡುತ್ತಿಲ್ಲ, ಗದರುತ್ತಿದ್ದೇನೆ.

ಕೇಸು ಹಾಕುವ ವಿಷಯದಲ್ಲೂ ಒಂದು ಮಾತು. ಮದುವೆಯಾಗುತ್ತೇನೆಂದು ಮೊದಲಿಂದಲೇ ಸುಳ್ಳು ಹೇಳಿ ದೇಹಸಂಬಂಧ ಬೆಳೆಸಿದವನಿಗೆ ಅದೇ ನ್ಯಾಯ ಸಂಹಿತೆಯ 69ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಉಂಟು. ಮೋಸ ಹೋದವಳು ಹಿಂಜರಿಯಬೇಕಾಗಿಲ್ಲ. ಆದರೆ ಮೊದಲೇ ಮೋಸದ ಉದ್ದೇಶದಿಂದ ಕೊಟ್ಟ ಮಾತು ಬೇರೆ, ಮನಸ್ಸಿಟ್ಟು ಕೊಟ್ಟು ಆಮೇಲೆ ನಡೆಸಲಾಗದೆ ಹೋದ ಮಾತು ಬೇರೆ ಎಂದು ಸುಪ್ರೀಂ ಕೋರ್ಟು 2019ರಲ್ಲೇ ಬಿಡಿಸಿ ಹೇಳಿದೆ. ಯಾವುದು ಯಾವುದೆಂದು ನಿಮ್ಮ ಮನಸ್ಸಿಗೆ ಗೊತ್ತಿರುತ್ತದೆ.

ದುಡ್ಡಿನ ಲೆಕ್ಕ ಬಾಕಿ ಇದ್ದರೆ ಮುಗಿಸಿಬಿಡಿ. ಕೊಟ್ಟ ವಾಚು, ಅಂಗಿ ಕೇಳಬೇಡಿ; ಸಾಲ ತೆಗೆದುಕೊಂಡದ್ದನ್ನು ಉಳಿಸಿಕೊಳ್ಳಬೇಡಿ.

ಬಿಡುವುದು ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ನಂದಳಿಕೆಗೆ, ಹಿರಿಯಡ್ಕಕ್ಕೆ ಸಿರಿ ಜಾತ್ರೆಗೆ ಹೋದವರು ನಿಮ್ಮಲ್ಲಿ ಇದ್ದೀರಿ. ಹುಣ್ಣಿಮೆಯ ರಾತ್ರಿ ಸಾಲಾಗಿ ನಿಂತ ಹೆಂಗಸರು ಹಿಂಗಾರ ಹಿಡಿದು ನಡುಗುತ್ತ ಪಾಡ್ದನ ಹೇಳುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿರುತ್ತೀರಿ. ಅವರು ಯಾರ ಕಥೆ ಹೇಳುತ್ತಾರೆಂದು ಕೇಳಿದ್ದೀರಾ? ಗಂಡನನ್ನು ಬಿಟ್ಟವಳ ಕಥೆ. ಬಯಕೆಗೆ ಗಂಡ ಕಾಂತು ಪೂಂಜ ತಂದ ಸೀರೆಯನ್ನು ಅವನ ಸೂಳೆ ಸಿದ್ದು ಮೊದಲೇ ಉಟ್ಟಿದ್ದಳೆಂದು ತಿಳಿದಾಗ ಸಿರಿ ಆ ಸೀರೆಯನ್ನು ಬೇಡವೆಂದಳು. ಕೊನೆಗೆ ಅವನೇ ಬೇಡವೆಂದಳು, ಮಗುವನ್ನೆತ್ತಿಕೊಂಡು ಮನೆ ಬಿಟ್ಟಳು. ಆಮೇಲೆ ಕೊಡ್ಸರಾಳ್ವನನ್ನು ಮದುವೆಯಾದಳು. 1990ರ ಡಿಸೆಂಬರಿನಲ್ಲಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ಫಿನ್ಲೆಂಡಿನ ಲೌರಿ ಹೋಂಕೊ ಮತ್ತು ಜೊತೆಗಾರರು ಧ್ವನಿಮುದ್ರಿಸಿದರು, 15,683 ಸಾಲು. ಅಷ್ಟು ಉದ್ದದ ಕಾವ್ಯವನ್ನು ತುಳುವರು ಕಟ್ಟಿದ್ದು ಗಂಡನ ಮನೆಯಲ್ಲೇ ಸೋತು ಕೂತವಳ ಮೇಲಲ್ಲ. ಬಿಟ್ಟವಳನ್ನು ದೈವ ಮಾಡಿ ಪೂಜಿಸುವ ಊರಿನಲ್ಲಿ, ಒಬ್ಬ ಹುಡುಗಿ "ಬೇಡ" ಅಂದದ್ದಕ್ಕೆ ಮೀಸೆ ಮಣ್ಣಾಯಿತೆಂದು ಕೂಗಾಡುವುದು ಯಾವ ಸಂಸ್ಕೃತಿ ಮಾರಾಯ್ರೆ?

ಮತ್ತೆ ಎದುರು ಸಿಕ್ಕಾಗ ಎಂತ ಮಾಡುವುದು? ಹೆಚ್ಚೇನೂ ಮಾಡುವುದಿಲ್ಲ. ಕಣ್ಣು ಸೇರಿದರೆ ಪರಿಚಯದವರಿಗೆ ಆಡಿಸುವಷ್ಟೇ ತಲೆ ಆಡಿಸಿ. ಅವರು ಮುಖ ತಿರುಗಿಸಿದರೆ ನೀವೂ ಎಲೆಯ ಕಡೆ ನೋಡಿ. ಜೊತೆಗೆ ಹೊಸಬರಿದ್ದರೆ ಅಳೆಯಲು ಹೋಗಬೇಡಿ. ಎಲ್ಲರ ಗೆಳೆಯರಾದವರನ್ನು "ನೀನು ನನ್ನ ಕಡೆಯೋ ಅವಳ ಕಡೆಯೋ" ಎಂದು ಹಿಂಸೆ ಮಾಡಬೇಡಿ. ಬಿಟ್ಟ ಮರುವಾರವೇ "ನಾವಿನ್ನು ಫ್ರೆಂಡ್ಸ್" ಎನ್ನುವುದನ್ನು ನಾನು ನಂಬುವುದಿಲ್ಲ. ಗೆಳೆತನ ಆಗುವುದಿದ್ದರೆ ಹತ್ತು ವರ್ಷದ ಮೇಲೆ ಆಗುತ್ತದೆ, ಆಗದಿದ್ದರೂ ಯಾರಿಗೂ ನಷ್ಟವಿಲ್ಲ. ಕೆಟ್ಟದಾಗಿ ಹೊಡೆದವರು, ಬೆದರಿಸಿದವರು ಎದುರು ಬಂದರೆ ಮಾತ್ರ ಈ ಮರ್ಯಾದೆಯೂ ಬೇಕಾಗಿಲ್ಲ. ಅಲ್ಲಿಂದ ಎದ್ದು ನಿಮ್ಮವರ ಹತ್ತಿರ ಹೋಗಿ.

2025ರ ಮಾರ್ಚಿನಲ್ಲಿ ಕಾಪು ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವಕ್ಕೆ ಹೋಗಿದ್ದೆ. ಜನವೋ ಜನ. ಅನ್ನಪ್ರಸಾದದ ಸಾಲು ಹುಡುಕುತ್ತ ನಿಂತವನಿಗೆ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು: "ಇದು ಹೆಂಗಸರ ಸಾಲು, ನಿಮ್ಮದು ಆಚೆ." ತಿರುಗಿದರೆ ಅವಳು. ಕೈಯಲ್ಲಿ ಮೊಮ್ಮಗುವಿನ ಚಪ್ಪಲಿ. ಇಬ್ಬರಿಗೂ ಒಂದು ಕ್ಷಣ ಬೇಕಾಯಿತು ಗುರುತು ಹಿಡಿಯಲು. "ಹೌದಾ" ಅಂದೆ, ಆಚೆ ಹೋದೆ. ಅವಳು ಅವಳ ಸಾಲಿನಲ್ಲಿ ಉಂಡಳು, ನಾನು ನನ್ನದರಲ್ಲಿ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಡಿಸೆಂಬರಿನಲ್ಲಿ ಇನ್ನೊಂದು ಮದುವೆ ಉಂಟು ಮಗಾ, ಅದೇ ಹಾಲಿನಲ್ಲಿ. ಅವಳೂ ಬರಬಹುದು. ನೀನು ಕಾರಿಗೆ ಬೀಗ ಹಾಕಿ ಒಳಗೆ ಬಾ, ನನ್ನ ಪಕ್ಕದಲ್ಲಿ ಕೂತು ಊಟ ಮಾಡು.